ಎರೆಭೂಮಿಯ ದಾರಿಯಲ್ಲಿ ಮೂರು ದಿನ

ಹಂಟ್ಸ್‌ವಿಲ್, ಅಲಬಾಮಾ
ಜನವರಿ ಕೊನೆಯ ವಾರ

ಅಪ್ಪಯ್ಯ ಮತ್ತು ಆಯಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಆರಾಮ. ಅಡಿಕೆ ಸುಲಿಯುವುದು ಎಲ್ಲಿಗೆ ಬಂತು? ಈ ವರ್ಷ ಕೊಳೆಗೆ ಹೋದದ್ದು ಹೋಗಿ, ಉಳಿದದ್ದಕ್ಕೆ ಎಲೆಚುಕ್ಕಿ ಬಿದ್ದಿದೆ ಎಂದು ತಂಗಿ ಹೇಳಿದಳು. ದಿನಾ ಫೋನಿನಲ್ಲಿ ಮಾತಾಡುವವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ಉದ್ದದ ವಿಷಯ ಎತ್ತಿದರೆ ಆಯಿ ನಡುವೆ "ಊಟ ಆತಾ?" ಎನ್ನುತ್ತಾಳೆ. ನೀವು "ತಡಿ, ಚಿಕ್ಕಪ್ಪ ಬಂದಿದ್ದಾನೆ" ಎಂದು ಫೋನನ್ನೇ ದಾಟಿಸಿಬಿಡುತ್ತೀರಿ. ಅದಕ್ಕೇ ಇದು. ತಂಗಿಗೆ ಕಳಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಾಳೆ.

ಕಳೆದ ವಾರ ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತ್ತಲ್ಲ, ಕಾರಿನಲ್ಲಿ ಈ ರಾಜ್ಯದ ದಕ್ಷಿಣಕ್ಕೆ ಹೋಗಿ ಬಂದೆವು. ಹೊರಡುವ ಹಿಂದಿನ ರಾತ್ರಿ ಆಯಿ ಹೇಳಿದ್ದಳು: "ಆ ಕಪ್ಪು ಜನ ಇಪ್ಪ ಕಡೆ ರಾತ್ರೆ ಹೋಗಡಿ." ನಾನು ಹೂಂ ಎಂದೆ. ಆ ಹೂಂ ಅವತ್ತಿನಿಂದ ಹಲ್ಲಿನ ಸಂದಿಯ ಅಡಿಕೆ ನಾರಿನ ಹಾಗೆ ಸಿಕ್ಕಿಕೊಂಡಿದೆ.

ಎರಡು ವರ್ಷದ ಹಿಂದೆ ನೀವಿಬ್ಬರೂ ಇಲ್ಲಿ ಇದ್ದಾಗ, ಸಂಜೆ ಅಪ್ಪಯ್ಯ ಒಬ್ಬರೇ ವಾಕಿಂಗ್ ಹೊರಟರೆ ನಾನು ಏನಾದರೊಂದು ನೆಪ ಮಾಡಿ ಹಿಂದೆಯೇ ಬರುತ್ತಿದ್ದೆ. ಕಸದ ಡಬ್ಬಿ ಹೊರಗಿಡಬೇಕು, ಪೋಸ್ಟ್ ಬಂತಾ ನೋಡಬೇಕು. "ನಾನೇನು ಎಳೆ ಮಗುವಾ" ಎಂದು ಗದರಿದ್ದಿರಿ. ಕಾರಣ ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ನಮಗೆ ತಾಗಿಕೊಂಡೇ ಇರುವ ಮ್ಯಾಡಿಸನ್ ಊರಿನಲ್ಲಿ 2015ರ ಫೆಬ್ರವರಿಯಲ್ಲಿ, ಮಗನ ಮನೆಗೆ ಗುಜರಾತಿನಿಂದ ಬಂದಿದ್ದ ಒಬ್ಬ ಹಿರಿಯರು ಬೆಳಿಗ್ಗೆ ರಸ್ತೆಯಲ್ಲಿ ಅಡ್ಡಾಡುತ್ತಿದ್ದರು. ನೆರೆಯವರು ಯಾರೋ "ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ತಿರುಗುತ್ತಿದ್ದಾನೆ" ಎಂದು ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸನೊಬ್ಬ ನೆಲಕ್ಕೆ ಅಪ್ಪಳಿಸಿದ. ಕುತ್ತಿಗೆಗೆ ಏಟು ಬಿದ್ದು ಅವರು ಆಸ್ಪತ್ರೆ ಸೇರಿದರು. ಅವರ ಮೈಬಣ್ಣ ನಿಮ್ಮದೇ, ಅಪ್ಪಯ್ಯ. ಆಯಿ ನನಗೆ ಯಾರನ್ನು ಕಂಡು ಹೆದರು ಎನ್ನುತ್ತಾಳೋ, ಇಲ್ಲಿ ಕಿಟಕಿಯಿಂದ ನೋಡುವವರ ಕಣ್ಣಿಗೆ ಅವರು ನಾವೇ.

ಈ ರಜೆಯ ಕಥೆಯೂ ಕೇಳುವಂಥದ್ದೇ. ಇಡೀ ದೇಶಕ್ಕೆ ಅದು ಮಾರ್ಟಿನ್ ಲೂಥರ್ ಕಿಂಗ್ ಜಯಂತಿ. ಆದರೆ ಅಲಬಾಮಾ ಸರ್ಕಾರದ ಕ್ಯಾಲೆಂಡರಿನಲ್ಲಿ ಅದೇ ದಿನ ರಾಬರ್ಟ್ ಇ. ಲೀ ಜಯಂತಿ ಕೂಡ. ಲೀ ಎಂದರೆ ಗುಲಾಮಗಿರಿ ಉಳಿಸಿಕೊಳ್ಳಲು ದೇಶ ಬಿಟ್ಟು ಹೊರನಡೆದ ರಾಜ್ಯಗಳ ಪರವಾಗಿ ಯುದ್ಧ ಮಾಡಿದ ಸೇನಾಪತಿ. ಒಂದೇ ರಜೆ, ಇಬ್ಬರಿಗೂ. ಯಾರಿಗೆ ಯಾರ ಪೂಜೆ ಬೇಕೋ ಮಾಡಿಕೊಳ್ಳಲಿ ಎಂಬ ಲೆಕ್ಕ.

ಬರುವ ಮೊದಲು ನಾನು ತಿಳಿದಿದ್ದು ಸರಳವಾಗಿತ್ತು. ಅಮೆರಿಕದ ಉತ್ತರದವರು ಒಳ್ಳೆಯವರು, ದಕ್ಷಿಣದವರು ಕೆಟ್ಟವರು. ಇಲ್ಲಿ ಏಳು ವರ್ಷ ಇದ್ದ ಮೇಲೆ ಗೊತ್ತಾದದ್ದು ಬೇರೆ. ಈ ಒಂದು ರಾಜ್ಯದೊಳಗೇ ಮಣ್ಣು ಬದಲಾದ ಹಾಗೆ ಮನಸ್ಸೂ ಬದಲಾಗುತ್ತದೆ. ಘಟ್ಟದ ಮೇಲಿನ ಮಾತು ಘಟ್ಟದ ಕೆಳಗೆ ಬದಲಾಗುವುದಿಲ್ಲವೇ, ಹಾಗೆ.

ನಮ್ಮ ಹಂಟ್ಸ್‌ವಿಲ್‌ನಿಂದಲೇ ಶುರು ಮಾಡುತ್ತೇನೆ. ಚಂದ್ರನಲ್ಲಿಗೆ ಹೋದ ಸ್ಯಾಟರ್ನ್ ರಾಕೆಟ್ ರೂಪುಗೊಂಡ ಊರು ಎಂದು ನಿಮಗೆ ಮ್ಯೂಸಿಯಂ ತೋರಿಸಿದ್ದೆನಲ್ಲ. ಅದೇ ಊರಿನಲ್ಲಿ 1962ರ ಆರಂಭದವರೆಗೆ ಕಪ್ಪು ಜನ ಅಂಗಡಿಯಲ್ಲಿ ಬಟ್ಟೆ ಕೊಳ್ಳಬಹುದಿತ್ತು, ಅದೇ ಅಂಗಡಿಯ ಲಂಚ್ ಕೌಂಟರಿನಲ್ಲಿ ಕೂತು ಕಾಫಿ ಕುಡಿಯುವ ಹಾಗಿರಲಿಲ್ಲ. ಹುಡುಗ ಹುಡುಗಿಯರು ಹೋಗಿ ಕೂತರು, ಜೈಲಿಗೆ ಹೋದರು. ಆಮೇಲೆ ಈಸ್ಟರ್ ಹಬ್ಬ ಬಂತು. ನಮ್ಮಲ್ಲಿ ಯುಗಾದಿಗೆ ಹೊಸ ಬಟ್ಟೆ ಹೇಗೋ ಇಲ್ಲಿ ಈಸ್ಟರಿಗೆ ಹಾಗೆ. ಆ ವರ್ಷ ಕಪ್ಪು ಜನ ಹೊಸ ಬಟ್ಟೆಯನ್ನೇ ಕೊಳ್ಳದೆ ನೀಲಿ ಜೀನ್ಸ್ ಪ್ಯಾಂಟಿನಲ್ಲಿ ಚರ್ಚಿಗೆ ಹೋದರು. ಜವಳಿ ಅಂಗಡಿಯವರ ಹೊಟ್ಟೆಗೇ ಏಟು ಬಿತ್ತು. ಊರಿನ ದೊಡ್ಡವರಿಗೆ ಇನ್ನೊಂದು ಭಯ: ಇಲ್ಲಿ ಗಲಾಟೆ ಎಂದು ಪತ್ರಿಕೆಯಲ್ಲಿ ಬಂದರೆ ವಾಷಿಂಗ್ಟನ್ನಿನಿಂದ ಬರುವ ರಾಕೆಟ್ಟಿನ ದುಡ್ಡು ಬೇರೆ ಊರಿಗೆ ಹೋದೀತು. ಆ ಬೇಸಿಗೆಯಲ್ಲೇ ಕೌಂಟರುಗಳು ತೆರೆದವು. 1963ರ ಸೆಪ್ಟೆಂಬರ್ 9ರಂದು ಸನಿ ಹಿಯರ್‌ಫರ್ಡ್ ಎಂಬ ಆರು ವರ್ಷದ ಹುಡುಗ ಡಾಕ್ಟರ್ ತಂದೆಯ ಕೈ ಹಿಡಿದುಕೊಂಡು ಬಿಳಿಯರ ಶಾಲೆಗೆ ಹೋದ. ಅಲಬಾಮಾದ ಸರ್ಕಾರಿ ಶಾಲೆಗಳಲ್ಲಿ ಹಾಗೆ ಹೋದ ಮೊದಲ ಮಗು.

ಆರೇ ದಿನ ಕಳೆದಿತ್ತು. ಇಲ್ಲಿಂದ ನೂರಾ ಅರವತ್ತು ಕಿಲೋಮೀಟರ್ ದಕ್ಷಿಣಕ್ಕೆ, ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಬಾಂಬ್ ಸಿಡಿಯಿತು. ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಒಂದೇ ರಾಜ್ಯ, ಒಂದೇ ತಿಂಗಳು.

ಬರ್ಮಿಂಗ್‌ಹ್ಯಾಮ್ ಕಬ್ಬಿಣದ ಊರು. ಗುಲಾಮಗಿರಿ ಮುಗಿದ ಮೇಲೆ, 1871ರಲ್ಲಿ ಹುಟ್ಟಿದ್ದು. ಹಾಗಾದರೆ ಹಳೆಯ ರೋಗ ಅಂಟಬಾರದಿತ್ತು ಎಂದು ನಾವು ತಿಳಿಯುತ್ತೇವೆ. ಆದರೆ ಸುತ್ತಲಿನ ಕಲ್ಲಿದ್ದಲ ಗಣಿಗಳಿಗೆ ಕೈದಿಗಳನ್ನು ಸರ್ಕಾರವೇ ಬಾಡಿಗೆಗೆ ಕೊಡುತ್ತಿತ್ತು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಅಲಬಾಮಾದಲ್ಲಿ ಈ ಪದ್ಧತಿ ನಿಂತದ್ದು 1928ರಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಸಮಾನ ಹಕ್ಕು ಕೇಳಿ ಮೆರವಣಿಗೆ ಹೊರಟ ಕಪ್ಪು ಜನರ ಮೈಮೇಲೆ ಪೊಲೀಸರು ನಾಯಿ ಬಿಟ್ಟ, ಬೆಂಕಿ ಆರಿಸುವ ಪೈಪಿನಿಂದ ಮಕ್ಕಳಿಗೆ ನೀರು ಹೊಡೆಸಿದ 1963ರ ಮೇ ತಿಂಗಳ ಚಿತ್ರಗಳು ಆ ಊರಿನವು. ಅಲ್ಲಿನ ಪಾರ್ಕಿನಲ್ಲಿ ಹಾರಲು ಸಿದ್ಧವಾದ ಲೋಹದ ನಾಯಿಗಳ ನಡುವೆ ದಾರಿ ಮಾಡಿದ್ದಾರೆ. ಪುಟ್ಟಿ ಅದರ ನಡುವೆ ಹೋಗಲಿಲ್ಲ, ಸುತ್ತು ಹಾಕಿಕೊಂಡು ಬಂದಳು.

ಬರ್ಮಿಂಗ್‌ಹ್ಯಾಮ್ ಸಿಗುವ ಮುಂಚೆ ಗುಡ್ಡಗಾಡು. ಅಲ್ಲಿ ವಿನ್‌ಸ್ಟನ್ ಎಂಬ ಕೌಂಟಿ ಇದೆ, ನಮ್ಮ ತಾಲ್ಲೂಕಿನ ಹಾಗೆ ಎನ್ನಿ. ಕಲ್ಲು ಭೂಮಿ, ಹತ್ತಿ ಬೆಳೆಯುವುದಿಲ್ಲ, ಹಾಗಾಗಿ ಗುಲಾಮರನ್ನು ಇಟ್ಟುಕೊಂಡವರು ಬೆರಳೆಣಿಕೆ. 1861ರ ಜನವರಿಯಲ್ಲಿ ಅಲಬಾಮಾ ದೇಶ ಬಿಟ್ಟು ಹೊರಹೋಗುವ ಕಾಗದಕ್ಕೆ ಸಹಿ ಹಾಕುವಾಗ ಈ ಕೌಂಟಿಯ ಪ್ರತಿನಿಧಿ ಕ್ರಿಸ್ಟೋಫರ್ ಶೀಟ್ಸ್ ಸಹಿ ಹಾಕಲೇ ಇಲ್ಲ. ಪ್ರಾಯದ ಹುಡುಗ, ಶಾಲೆ ಮಾಸ್ತರು. ಆಮೇಲೆ ಜೈಲು ಕಂಡ. ಈ ಗುಡ್ಡದವರು ಎಷ್ಟೋ ಜನ ಓಡಿಹೋಗಿ ಉತ್ತರದ ಸೈನ್ಯ ಸೇರಿದರು. ಡಬಲ್ ಸ್ಪ್ರಿಂಗ್ಸ್ ಎಂಬ ಊರಿನ ಕೋರ್ಟಿನ ಮುಂದೆ ಒಬ್ಬ ಸೈನಿಕನ ಪ್ರತಿಮೆ ನಿಲ್ಲಿಸಿದ್ದಾರೆ: ಅರ್ಧ ಮೈ ಉತ್ತರದ ಸಮವಸ್ತ್ರ, ಅರ್ಧ ಮೈ ದಕ್ಷಿಣದ್ದು. ಅರ್ಧನಾರೀಶ್ವರ ಯುದ್ಧಕ್ಕೆ ಹೊರಟ ಹಾಗೆ.

ಭಲೇ ಎನ್ನಬೇಕೆನಿಸುತ್ತದೆ. ಆದರೆ ಆ ಗುಡ್ಡದವರಿಗೆ ಸಿಟ್ಟಿದ್ದದ್ದು ತೋಟದ ಧಣಿಗಳ ಮೇಲೆ. ಅವರ ಗುಲಾಮರ ಮೇಲೆ ಪ್ರೀತಿ ಇತ್ತು ಎಂದಲ್ಲ. ಪಕ್ಕದ ಕಲ್‌ಮನ್ ಊರನ್ನೇ ನೋಡಿ. ಯುದ್ಧ ಮುಗಿದ ಮೇಲೆ ಜರ್ಮನ್ ವಲಸಿಗರು ಕಟ್ಟಿದ ಊರು, ಗುಲಾಮರ ಬೆವರಿನ ಹಂಗೇ ಇಲ್ಲದ್ದು. ಅದು ಹೆಸರಾದದ್ದು 'ಸೂರ್ಯಾಸ್ತದ ಊರು' ಎಂದು. ಹೊತ್ತು ಮುಳುಗಿದ ಮೇಲೆ ಕಪ್ಪು ಮನುಷ್ಯ ಅಲ್ಲಿ ಕಾಣಬಾರದು. ಆಯಿ, ನೀನು ನನಗೆ ಹೇಳಿದ್ದೂ ರಾತ್ರಿಯ ಮಾತೇ. ಆ ಊರಿನ ರಾತ್ರಿಗೆ ಹೆದರಬೇಕಾದವರು ಯಾರಾಗಿದ್ದರು ಎಂದು ಅಲ್ಲಿ ಪೆಟ್ರೋಲ್ ಹಾಕಿಸುವಾಗ ಯೋಚಿಸುತ್ತಿದ್ದೆ.

ಇನ್ನು ಕೆಳಗಿಳಿದರೆ ಎರೆಭೂಮಿ. ಇಲ್ಲಿಯವರು 'ಬ್ಲ್ಯಾಕ್ ಬೆಲ್ಟ್' ಎನ್ನುತ್ತಾರೆ, ಕಪ್ಪು ಮಣ್ಣಿನ ಪಟ್ಟಿ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ ಕಡೆ ಹೋದರೆ ಕಾಣುವ ಎರೆಯ ಹಾಗೆಯೇ, ಮಳೆಗೆ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು. ಹೆಸರು ಮೊದಲು ಮಣ್ಣಿಗಿತ್ತು, ಆಮೇಲೆ ಅಲ್ಲಿ ತುಂಬಿದ ಜನರಿಗೂ ಸೇರಿತು. 1860ರಲ್ಲಿ ಅಲಬಾಮಾದಲ್ಲಿ ನಾಲ್ಕು ಲಕ್ಷದ ಮೂವತ್ತೈದು ಸಾವಿರದಷ್ಟು ಗುಲಾಮರಿದ್ದರು, ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ನಲವತ್ತೈದು. ಈ ಪಟ್ಟಿಯ ಕೌಂಟಿಗಳಲ್ಲಂತೂ ಬಿಳಿಯರಿಗಿಂತ ಅವರೇ ಹೆಚ್ಚು. ಅಲ್ಲಿನ ಧಣಿಗೆ ಕಪ್ಪು ಮನುಷ್ಯ ಇಲ್ಲದೆ ಒಂದು ದಿನವೂ ನಡೆಯದು. ಬಿಡುಗಡೆಯಾದ ಮೇಲೆ ಅದೇ ಜನ ಓಟು ಹಾಕಿಬಿಟ್ಟರೆ ಆಳುವವರು ಅವರೇ. ಗುಡ್ಡದವರಿಗೆ ಕಪ್ಪು ಜನ ಊರಿಗೇ ಬೇಡ. ಎರೆಯವರಿಗೆ ಹೊಲದಲ್ಲಿ ಬೇಕು, ಮತಗಟ್ಟೆಯಲ್ಲಿ ಬೇಡ. ಎರಡೂ ದ್ವೇಷವೇ, ಆದರೆ ರುಚಿ ಬೇರೆ. ಈ ಎರಡನೆಯದು ಯಾಕೋ ನನಗೆ ಬಹಳ ಪರಿಚಿತ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಹತ್ತಿಯ ವಿಷಯ. ನಮ್ಮ ಮನೆಯ ಮುಂದಿನ ರಸ್ತೆಗೂ ಈ ಮಣ್ಣಿಗೂ ನಂಟಿದೆ ಅಪ್ಪಯ್ಯ, ನೀವು ನಗಬಹುದು. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜವನ್ನೂ ಹತ್ತಿ ಬೆಳೆಸಿ ಗೊತ್ತಿದ್ದ ಅಮೆರಿಕನ್ನರನ್ನೂ ಹಿಂದುಸ್ತಾನಕ್ಕೆ ತರಿಸಿತ್ತು. ಆ ಬೀಜ ಚೆನ್ನಾಗಿ ಹಿಡಿದದ್ದು ಧಾರವಾಡದ ಎರೆಯಲ್ಲಿ, 'ಧಾರವಾಡ-ಅಮೆರಿಕನ್' ಎಂದೇ ಅದರ ಹೆಸರು. 1861ರಲ್ಲಿ ಇಲ್ಲಿ ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದೆ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಅದನ್ನು ಬೇಗ ಹಡಗಿಗೆ ಹಾಕಲು ಕಾರವಾರ ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಇದ್ದದ್ದು ಈ ಹತ್ತಿಯ ಆಸೆ. ಅರಬೈಲು ಘಟ್ಟದಲ್ಲಿ ಹತ್ತಿ ಗಾಡಿಗಳು ಇಳಿದದ್ದು ಹಾಗೆ. ನಿಮ್ಮ ಮುತ್ತಜ್ಜ ಎತ್ತುಗಳಿಗೆ ಹುಲ್ಲು ಮಾರಿ ದುಡ್ಡು ಮಾಡಿದ ಕಥೆ ಅಜ್ಜ ಹೇಳುತ್ತಿದ್ದನಲ್ಲ, ಯಾವ ಗಾಡಿಯ ಎತ್ತುಗಳೋ ಅವು. ಈಗ ಇಲ್ಲಿಯ ಎರೆಯಲ್ಲಿ ಹತ್ತಿ ಅಷ್ಟಿಲ್ಲ. ಹುಲ್ಲುಗಾವಲು, ಪೈನ್ ಮರ, ಮೀನು ಸಾಕುವ ಹೊಂಡ, ಮುರಿದು ಬಿದ್ದ ಮನೆಗಳು.

ಮಾಂಟ್‌ಗೊಮರಿ ರಾಜಧಾನಿ. ರಾಜಭವನದಂಥ ಕ್ಯಾಪಿಟಲ್ ಕಟ್ಟಡದ ಮೆಟ್ಟಿಲ ಮೇಲೆ ಹಿತ್ತಾಳೆಯ ನಕ್ಷತ್ರವೊಂದನ್ನು ಹುದುಗಿಸಿದ್ದಾರೆ. 1861ರಲ್ಲಿ ಜೆಫರ್ಸನ್ ಡೇವಿಸ್ ಗುಲಾಮಗಿರಿಯ ರಾಜ್ಯಗಳ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಜಾಗ. 1963ರ ಜನವರಿಯಲ್ಲಿ ಜಾರ್ಜ್ ವಾಲೆಸ್ ಎಂಬ ಹೊಸ ಗವರ್ನರ್ ಅಲ್ಲೇ ನಿಂತು, ಕಪ್ಪು ಜನರನ್ನು ಬೇರೆಯಾಗಿಡುವ ಪ್ರತ್ಯೇಕತೆ ಇವತ್ತೂ ಇರುತ್ತದೆ, ನಾಳೆಯೂ, ಎಂದೆಂದೂ ಎಂದು ಸಾರಿದ. ಆ ಮೆಟ್ಟಿಲಿನಿಂದ ಕಲ್ಲೆಸೆದರೆ ಬೀಳುವಷ್ಟು ಹತ್ತಿರ ಕಿಂಗ್ ಪಾದ್ರಿಯಾಗಿದ್ದ ಕೆಂಪು ಇಟ್ಟಿಗೆಯ ಚರ್ಚು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು ಬಿಳಿಯನಿಗೆ ಬಸ್ಸಿನ ಸೀಟು ಬಿಡದೆ ಕೂತ ಮೇಲೆ 381 ದಿನ ಕಪ್ಪು ಜನ ಬಸ್ಸನ್ನೇ ಹತ್ತಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕೂ ಒಂಬತ್ತು ತಿಂಗಳು ಮೊದಲು ಕ್ಲಾಡೆಟ್ ಕೋಲ್ವಿನ್ ಎಂಬ 15 ವರ್ಷದ ಹುಡುಗಿ ಹೀಗೆಯೇ ಕೂತು ಜೈಲಿಗೆ ಹೋಗಿದ್ದಳು ಎಂಬುದು ನನಗೂ ಗೊತ್ತಿರಲಿಲ್ಲ.

ವಾಲೆಸ್ ಎಂಥ ಆಸಾಮಿ ಎಂದರೆ, 1958ರಲ್ಲಿ ಮೊದಲ ಸಲ ನಿಂತಾಗ ಸ್ವಲ್ಪ ಮೆದುವಾಗಿಯೇ ಮಾತಾಡಿ ಸೋತಿದ್ದ. ಗೆದ್ದವನಿಗೆ ಕ್ಲಾನ್ ಎಂಬ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘದ ಬೆಂಬಲ. ಆಮೇಲೆ ಈತ ಅವರಿಗಿಂತ ಗಟ್ಟಿಯಾಗಿ ಕೂಗಲು ಕಲಿತ. ಕೊನೆಗೆ ಕಪ್ಪು ಜನರಿಗೂ ಓಟು ಬಂದ ಮೇಲೆ, ಗುಂಡೇಟು ತಿಂದು ಗಾಲಿಕುರ್ಚಿ ಸೇರಿದ್ದ ಅವನೇ 1979ರಲ್ಲಿ ಅದೇ ಚರ್ಚಿಗೆ ಬಂದು ಕ್ಷಮೆ ಕೇಳಿದ. 1982ರಲ್ಲಿ ಕಪ್ಪು ಜನರ ಓಟನ್ನೂ ಪಡೆದು ಮತ್ತೆ ಗವರ್ನರ್ ಆದ. ಪಶ್ಚಾತ್ತಾಪವೋ ಲೆಕ್ಕಾಚಾರವೋ ದೇವರಿಗೇ ಗೊತ್ತು. ನಮ್ಮ ಕಡೆಯ ರಾಜಕಾರಣಿಗಳನ್ನು ನೋಡಿದ ನನಗೆ ಎರಡೂ ಒಂದೇ ಹೊಟ್ಟೆಯಲ್ಲಿ ಇರಬಹುದು ಅನ್ನಿಸುತ್ತದೆ.

ಆಫೀಸಿನಲ್ಲಿ ಷಿಕಾಗೋ ಕಡೆಯ ಒಬ್ಬನಿದ್ದಾನೆ, ಬಿಳಿಯ. ಇದನ್ನೆಲ್ಲ ಹೇಳಿದರೆ "ಇದೆಲ್ಲ ಇಲ್ಲಿಯವರ ಕಥೆ, ನಮ್ಮ ಕಡೆ ಹೀಗಿಲ್ಲ" ಎನ್ನುತ್ತಾನೆ. ಇದೇ ವಾಲೆಸ್ 1964ರಲ್ಲಿ ಉತ್ತರದ ವಿಸ್ಕಾನ್ಸಿನ್‌ಗೆ ಹೋಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಮೂರರಲ್ಲಿ ಒಂದು ಪಾಲು ಓಟು ತಂದಿದ್ದ. 1966ರಲ್ಲಿ ಕಿಂಗ್ ತಲೆಗೆ ಕಲ್ಲು ಬಿದ್ದದ್ದು ಷಿಕಾಗೋದಲ್ಲೇ, ಕಪ್ಪು ಜನರಿಗೂ ಬಾಡಿಗೆಗೆ ಮನೆ ಕೊಡಿ ಎಂದು ಮೆರವಣಿಗೆ ಹೊರಟಾಗ. ಅವನಿಗೆ ಇದನ್ನು ಹೇಳಿದೆ. ಎರಡು ದಿನ ನನ್ನ ಜೊತೆ ಕಾಫಿಗೆ ಬರಲಿಲ್ಲ.

ಸೆಲ್ಮಾ ಸೇತುವೆ ಫೋಟೋದಲ್ಲಿ ಸಪಾಟಾಗಿ ಕಾಣುತ್ತದೆ, ಹಾಗಿಲ್ಲ. ನಡುವೆ ಬಿಲ್ಲಿನ ಹಾಗೆ ಎದ್ದಿದೆ. ಪುಟ್ಟಿಯ ಕೈ ಹಿಡಿದು ಹತ್ತುತ್ತ ಹೋದರೆ ಮುಂದೆ ಆಕಾಶ ಬಿಟ್ಟು ಏನೂ ಕಾಣದು. ನೆತ್ತಿಗೆ ಬಂದ ಮೇಲೆಯೇ ಆಚೆ ದಡ ಕಾಣುವುದು. 1965ರ ಮಾರ್ಚ್ 7ರಂದು ಓಟಿನ ಹಕ್ಕು ಕೇಳಲು ಹೊರಟ ಆರುನೂರು ಜನ ಇಬ್ಬಿಬ್ಬರಾಗಿ ಹೀಗೇ ಹತ್ತಿ ಬಂದು, ನೆತ್ತಿಯಲ್ಲಿ ನಿಂತು, ಕೆಳಗೆ ರಸ್ತೆಯ ಅಗಲಕ್ಕೂ ನಿಂತ ಪೊಲೀಸರನ್ನು ಕಂಡರು. ಕಂಡ ಮೇಲೂ ಇಳಿದರು. ಲಾಠಿ, ಅಶ್ರುವಾಯು, ಕುದುರೆ. ಎರಡು ವಾರದ ಮೇಲೆ ಮತ್ತೆ ಹೊರಟು 54 ಮೈಲಿ ನಡೆದು ಮಾಂಟ್‌ಗೊಮರಿ ಮುಟ್ಟುವಾಗ ಇಪ್ಪತ್ತೈದು ಸಾವಿರ ಜನ ಆಗಿದ್ದರು. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯಿದೆಗೆ ಸಹಿ ಬಿತ್ತು. ಸೇತುವೆಗೆ ಇವತ್ತೂ ಇರುವ ಹೆಸರು ಎಡ್ಮಂಡ್ ಪೆಟಸ್, ಗುಲಾಮಗಿರಿಯ ಕಡೆಯ ಸೈನ್ಯದ ಒಬ್ಬ ಜನರಲ್. ಕಬ್ಬಿಣದ ಕಮಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ.

ಅವರು ನಡೆದ ದಾರಿ ಲೌಂಡ್ಸ್ ಕೌಂಟಿಯ ಮೂಲಕ ಹೋಗುತ್ತದೆ. ಐವರಲ್ಲಿ ನಾಲ್ವರು ಕಪ್ಪು ಜನ. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಎಷ್ಟಿತ್ತು ಗೊತ್ತೇ? ಸೊನ್ನೆ. ಹೆಸರು ಸೇರಿಸಲು ಹೋದ ಒಕ್ಕಲುಗಳನ್ನು ಧಣಿಗಳು ಗುಡಿಸಲಿನಿಂದ ಹೊರಹಾಕಿದರು. ಅವರು ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಬದುಕಿದರು. ಈ ಕಥೆಯಲ್ಲಿ ಅಪ್ಪಯ್ಯನಿಗೆ ಹಿಡಿಸುವ ಒಂದು ಸಂಗತಿ ಇದೆ. ಓದು ಬಾರದವರಿಗಾಗಿ ಅಲಬಾಮಾದಲ್ಲೂ ನಮ್ಮಲ್ಲಿಯ ಹಾಗೆ ಪಕ್ಷಗಳಿಗೆ ಚುನಾವಣಾ ಚಿಹ್ನೆ ಇತ್ತು. ಆಳುವ ಪಕ್ಷದ ಚಿಹ್ನೆ ಬಿಳಿ ಹುಂಜ, ಮೇಲೆ ಬಿಳಿಯರೇ ಮೇಲು ಎಂಬ ಘೋಷಣೆ. 1966ರಲ್ಲಿ ಲೌಂಡ್ಸಿನವರು ತಮ್ಮದೇ ಪಕ್ಷ ಕಟ್ಟಿ ಆರಿಸಿಕೊಂಡ ಚಿಹ್ನೆ ಕರಿಚಿರತೆ. ದಾಂಡೇಲಿ ಕಾಡಿನವರಾದ ನಮಗೆ ಕರಿಚಿರತೆ ಹುಂಜಕ್ಕೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕೇ? ಆ ವರ್ಷ ಸೋತರು. 1970ರಲ್ಲಿ ಅವರ ಮುಂದಾಳು ಜಾನ್ ಹ್ಯೂಲೆಟ್ ಅಲ್ಲಿನ ಷೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ ಆದ. ಇಲ್ಲಿಯ ಚಿರತೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವಾಯಿತು, ಅದರ ಹೆಸರು ಕೇಳಿ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಎಲ್ಲದರ ಬೇರು ಈ ಹಾಳುಬಿದ್ದ ಹೆದ್ದಾರಿ ಪಕ್ಕದ ಒಂದು ಮತಪತ್ರ.

ಇನ್ನು ಆಯಿಗೆ ಹೇಳಬೇಕಾದದ್ದು. ಪುಟ್ಟಿ ಹುಟ್ಟಿದಾಗ ನೀನು ಸೂಟ್‌ಕೇಸಿನಲ್ಲಿ ತುರುಕಿ ಕಳಿಸಿದ ಕೌದಿ ಇದೆಯಲ್ಲ, ಚಳಿ ಎಂದು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡಿದ್ದೆವು. ನಿನ್ನ ಹಸಿರು ಇಳಕಲ್ ಸೀರೆಯ ತುಂಡು, ಅಪ್ಪಯ್ಯನ ಪಂಚೆ, ನನ್ನ ಶಾಲೆಯ ಖಾಕಿ ಚಡ್ಡಿ, ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಹೊಲಿದ ಆ ತ್ರಿಕೋನದ ಫೂಲ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜಿ ಹೊಲಿದದ್ದು. ಬದಲಿಗೆ ಎರಡು ಕೊಳಗ ಅಕ್ಕಿ ಕೊಟ್ಟಿದ್ದೆ ಎಂದು ನೀನೇ ಹೇಳಿದ್ದೆ.

ಎರೆಯ ಪಟ್ಟಿಯಲ್ಲೇ ಗೀಸ್ ಬೆಂಡ್ ಎಂಬ ಊರಿದೆ. ಮೂರು ಕಡೆ ಅಲಬಾಮಾ ನದಿ, ನಡುವೆ ನಾಲಗೆಯ ಹಾಗೆ ಚಾಚಿದ ನೆಲ. ಆ ಕೌಂಟಿಯ ಕಚೇರಿಗಳಿರುವ ಊರು ಕ್ಯಾಮ್‌ಡನ್ ಆಚೆ ದಡದ್ದು; ಅಲ್ಲಿಂದ ಕಾರನ್ನು ಜಂಗಲ್‌ಗೆ, ವಾಹನ ದಾಟಿಸುವ ದೋಣಿಗೆ, ಹತ್ತಿಸಿ ದಾಟಿದೆವು. ಅಲ್ಲಿನವರು ಪೆಟ್‌ವೇ ಎಂಬ ಧಣಿಯ ತೋಟದ ಗುಲಾಮರ ಮಕ್ಕಳು ಮೊಮ್ಮಕ್ಕಳು, ಇವತ್ತೂ ಅನೇಕರಿಗೆ ಆ ಧಣಿಯದೇ ಅಡ್ಡಹೆಸರು. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತಾಗ ಅವನ ಮನೆಯವರು ಬಂದು ನೇಗಿಲು, ದನ, ಕಣಜದ ಜೋಳದವರೆಗೆ ಎತ್ತಿಕೊಂಡು ಹೋದರು. ಆಮೇಲೆ ದೇಶದ ಸರ್ಕಾರ ಆ ತೋಟ ಕೊಂಡು ಒಕ್ಕಲುಗಳಿಗೇ ಕಂತಿನ ಮೇಲೆ ಮಾರಿತು. ನಮ್ಮಲ್ಲಿ ಅರಸು ಕಾಲದಲ್ಲಿ ಗೇಣಿದಾರರಿಗೆ ಭೂಮಿ ಬಂದ ಹಾಗೆ ಎನ್ನಿ, ದಾರಿ ಬೇರೆ. ಕಾಲ ಕೆಳಗೆ ಸ್ವಂತ ನೆಲವಿದ್ದುದರಿಂದ ಇವರನ್ನು ಹೊರದಬ್ಬುವುದು ಅಷ್ಟು ಸುಲಭವಿರಲಿಲ್ಲ. ಇವರು ಧೈರ್ಯವಾಗಿ ಕ್ಯಾಮ್‌ಡನ್‌ಗೆ ಹೋಗಿ ಓಟರ್ ಪಟ್ಟಿಗೆ ಹೆಸರು ಕೊಡಲು ಶುರು ಮಾಡಿದರು. 1962ರಲ್ಲಿ ಜಂಗಲ್ ನಿಂತಿತು. ಕಣ್ಣಿಗೆ ಕಾಣುವ ಆಚೆ ದಡಕ್ಕೆ ಸುತ್ತುಬಳಸಿ ಒಂದು ಗಂಟೆಗೂ ಮಿಕ್ಕಿದ ರಸ್ತೆ. ಮತ್ತೆ ಶುರುವಾದದ್ದು 2006ರಲ್ಲಿ. ನಲವತ್ತನಾಲ್ಕು ವರ್ಷ!

ಆ ಊರಿನ ಹೆಂಗಸರು ಕೌದಿಗೆ ಪ್ರಸಿದ್ಧರು. ಹರಿದ ಕೆಲಸದ ಬಟ್ಟೆ ಜೋಡಿಸಿ ಹೊಲಿದದ್ದನ್ನು ಈಗ ದೊಡ್ಡ ದೊಡ್ಡ ಮ್ಯೂಸಿಯಂಗಳ ಗೋಡೆಗೆ ತೂಗುಹಾಕಿದ್ದಾರೆ, 2006ರಲ್ಲಿ ಅಂಚೆಚೀಟಿಯೂ ಬಂತು. ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಮಾರಾಟಕ್ಕೆ ಕೌದಿ ಹಾಕಿಕೊಂಡು ಕೂತಿದ್ದರು. ಪುಟ್ಟಿ ತನ್ನ ಕೌದಿ ಹೊದ್ದುಕೊಂಡೇ ಇಳಿದಳು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡವರು ಮೊದಲು ಮಾಡಿದ ಕೆಲಸ ಬೆನ್ನು ತಿರುಗಿಸಿದ್ದು. ನಾವು ಮುಂದಿನ ಬಣ್ಣ ನೋಡುತ್ತೇವೆ, ಅವರು ಹಿಂದಿನ ಹೊಲಿಗೆ ನೋಡಿದರು. ಅಂಚಿನಿಂದ ಶುರುವಾಗಿ ಸುತ್ತುತ್ತ ಒಳಗೆ ಬರುವ ದಾರದ ಸಾಲಿನ ಮೇಲೆ ಹೆಬ್ಬೆರಳು ಓಡಿಸಿದರು. ಮೂಲೆಯ ಫೂಲವನ್ನು ಚಿವುಟಿ ನೋಡಿದರು. ಯಾವ ದೇಶ ಎಂದು ಕೇಳಿದರು. ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರ ವಂಶದವರು, ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದು ನೆಲೆಸಿದವರು, ನಮ್ಮ ಹಾಗೆಯೇ ಕನ್ನಡ, ಕೊಂಕಣಿ ಮಾತಾಡುತ್ತಾರೆ ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, "ಹೊಲಿದವರ ಹೆಸರೇನು?"

ಆಯಿ, ನನಗೆ ಗೊತ್ತಿರಲಿಲ್ಲ. ನಿಮ್ಮ ಸೊಸೆ ನನ್ನ ಮುಖ ನೋಡಿದಳು. ಹದಿನೆಂಟು ವರ್ಷ ಆ ಮನೆಯಲ್ಲಿ ಬೆಳೆದೆ, ಆ ಅಜ್ಜಿ ನನ್ನನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದ್ದಾಳೆ. 'ಸಿದ್ದಿ ಅಜ್ಜಿ' ಎಂದೆ. ಅದು ಹೆಸರಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಹೊರಡುವ ಮೊದಲು ಮೊಬೈಲಿನಲ್ಲಿ 1860ರ ಜನಗಣತಿಯ ಗುಲಾಮರ ಪಟ್ಟಿ ನೋಡಿದ್ದೆ. ಧಣಿಯ ಹೆಸರು ಪೂರ್ತಿ ಇದೆ. ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. 34, ಗಂಡು, ಕಪ್ಪು. 28, ಹೆಣ್ಣು, ಕಪ್ಪು. 3, ಹೆಣ್ಣು. ಹೆಸರು ಬರೆದದ್ದು ಬಿಡುಗಡೆಯಾದ ಮೇಲೆ, 1870ರಲ್ಲಿ. ಆ ಹಾಳೆಯನ್ನು ಎಲ್ಲೋ ನೋಡಿದ ಹಾಗಿದೆ ಎಂದು ಎರಡು ದಿನ ಒದ್ದಾಡಿದೆ. ಜಂಗಲ್ ಮೇಲೆ ವಾಪಸ್ ಬರುವಾಗ ನೆನಪಾಯಿತು. ಅಪ್ಪಯ್ಯನ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. "ಸಿದ್ದಿ ಗಂಡಾಳು 2, ಸಿದ್ದಿ ಹೆಣ್ಣಾಳು 3, ಸೊಪ್ಪು ಹೊರಲು." ರಜೆಯಲ್ಲಿ ಬಂದಾಗ ಕೂಡಿಸಿ ಕೊಡುತ್ತಿದ್ದವನು ನಾನೇ.

ಅದೂ ಇದೂ ಒಂದೇ ಎನ್ನುತ್ತಿಲ್ಲ, ಅಪ್ಪಯ್ಯ, ಸಿಟ್ಟಾಗಬೇಡಿ. ನೀವು ಯಾರ ಕೂಲಿಯನ್ನೂ ಹಿಡಿದವರಲ್ಲ, ಜ್ವರ ಬಂದರೆ ರಾತ್ರಿ ಜೀಪು ಕಳಿಸಿದವರು. ಆದರೆ ಕೊಟ್ಟಿಗೆಯ ತೊಲೆಯ ಮೇಲೆ ಕವುಚಿಟ್ಟ ಎರಡು ಲೋಟ ಇದ್ದದ್ದು ನಿಜವಲ್ಲವೇ? ಕುಡಿದು, ತೊಳೆದು, ಅವರೇ ಕವುಚಿಡಬೇಕು. ಈಗ ಪೇಪರ್ ಕಪ್ ಬಂದು ಆ ಪ್ರಶ್ನೆ ಬಗೆಹರಿದಿದೆ ಎಂದು ತಂಗಿ ನಕ್ಕಳು. ಎಲ್ಲರಿಗೂ ಪೇಪರ್ ಕಪ್ಪೇ, ಮನೆಯವರಿಗೆ ಬಿಟ್ಟು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಪಟ್ಟಿ ಸಿಕ್ಕಿದಾಗ "ಇನ್ನು ಕೆಲಸಕ್ಕೆ ಯಾರು ಬತ್ತ" ಎಂದು ಜಗುಲಿಯಲ್ಲಿ ಆದ ಮಾತು ನನಗೆ ನೆನಪಿದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ನಮ್ಮ ತಾಲ್ಲೂಕಿನವರು ಎಂದು ನೀವೇ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಿರಿ. ಎರಡೂ ಮಾತು ಅದೇ ಜಗುಲಿಯದು.

ಅಜ್ಜಿಯ ಮಗ ಈಗಲೂ ತೋಟಕ್ಕೆ ಬರುತ್ತಾನಲ್ಲ, ಅವನನ್ನು ಕೇಳಿ ಅವಳ ಪೂರ್ತಿ ಹೆಸರು ತಿಳಿಸಿ. ಪುಸ್ತಕದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಗೀಸ್ ಬೆಂಡಿನ ಅಜ್ಜಿ ಒಂದು ಚೀಟಿಯಲ್ಲಿ ತಮ್ಮ ವಿಳಾಸ ಬರೆದು ಕೊಟ್ಟಿದ್ದಾರೆ, ಗೊತ್ತಾದರೆ ಕಾರ್ಡು ಹಾಕು ಎಂದಿದ್ದಾರೆ. ಕೌದಿಯ ಒಂದು ಫೂಲ ಬಿಚ್ಚಿಕೊಂಡಿದೆ, ಅದನ್ನು ಹೊಲಿದುಕೊಡಲೇ ಎಂದರು. ಪುಟ್ಟಿ ಬೇಡ, ಊರಿಗೆ ಹೋದಾಗ ಅಲ್ಲಿಯವರ ಹತ್ತಿರವೇ ಹೊಲಿಸುತ್ತೇನೆ ಎಂದಳು.

ಮೇ ಮೊದಲ ವಾರ ಬರುತ್ತೇವೆ, ಟಿಕೆಟ್ ಆಗಿದೆ. ಆಯಿಯ ಮೊಣಕಾಲಿನ ಮುಲಾಮು ಎರಡು ಟ್ಯೂಬ್ ತೆಗೆದಿಟ್ಟಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಕಳೆದ ಸಲದಷ್ಟು ಖಾರ ಬೇಡ.

ನಿಮ್ಮ ಮಗ